ಮಗ್ಗದ ಸದ್ದು ಕೇಳುವಷ್ಟು ದೂರ

ಬಚ್ಚಪ್ಪ ತೀರಿಕೊಂಡ. ೧೯೭೪ರ ನವೆಂಬರ್ ಹತ್ತನೆಯ ತಾರೀಖು, ಭಾನುವಾರ ಮಧ್ಯಾಹ್ನ, ದೊಡ್ಡಬಳ್ಳಾಪುರದ ನೇಕಾರರ ಬೀದಿಯ ಹಿಂದಿನ ದಿಣ್ಣೆಯ ಮೇಲೆ ನಿಂತಿದ್ದ ತನ್ನ ಪಿಕಪ್ ಗಾಡಿಯೊಳಗೆ. ವಯಸ್ಸು ನಲವತ್ತಾರು. ಎಷ್ಟು ಗಂಟೆಗೆ ಎಂದು ಯಾರೂ ಹೇಳಲಾರರು. ನೋಡಿಕೊಳ್ಳಲೆಂದು ಪಕ್ಕದಲ್ಲಿದ್ದ ಗೆಳೆಯ ಹನುಮಂತರಾಯಪ್ಪ ಆ ಹೊತ್ತಿನಲ್ಲಿ ನಿದ್ದೆ ಮಾಡುತ್ತಿದ್ದ.

ಆ ಹನುಮಂತರಾಯಪ್ಪನೇ ಇದನ್ನು ಬರೆಯುತ್ತಿರುವುದು. ಮಿಡ್ಲ್ ಸ್ಕೂಲ್ ಮೇಷ್ಟರು. ತುಂಬ ಓದಿಕೊಂಡವರು ಎಂದು ಊರಲ್ಲಿ ಹೆಸರು. ಆ ಹೆಸರಿನಿಂದ ಬಚ್ಚಪ್ಪ ಎಷ್ಟು ಪಾಡು ಪಟ್ಟ ಎಂಬುದನ್ನು ಬಿಟ್ಟು ಅವನ ಬದುಕನ್ನು ಹೇಳುವುದಕ್ಕಾಗುವುದಿಲ್ಲ.

ಬಚ್ಚಪ್ಪ ಹುಟ್ಟಿದ್ದೇ ಮಗ್ಗದ ಪಕ್ಕದಲ್ಲಿ. ಅಪ್ಪನ ಕಾಲದ ಕೈಮಗ್ಗ ಹೋಗಿ ನಾಲ್ಕು ಪವರ್ ಮಗ್ಗ ಬಂದಮೇಲೆ ಆ ಮನೆಯಲ್ಲಿ ಎಲ್ಲರೂ ಕೂಗಿಯೇ ಮಾತನಾಡುತ್ತಿದ್ದರು. ಅವನು ಗುಟ್ಟು ಹೇಳಿದರೆ ಪಕ್ಕದ ಬೀದಿಗೆ ಕೇಳುತ್ತಿತ್ತು. ಹಗಲು ಒಂದು ಪಾಳಿ, ರಾತ್ರಿ ಒಂದು ಪಾಳಿ. ಮಗ್ಗದ ಗೋಡೆಗೆ ತಲೆ ಕೊಟ್ಟು ಅವನು, ಹೆಂಡತಿ ಅಕ್ಕಯ್ಯಮ್ಮ ಹಾಯಾಗಿ ಮಲಗುತ್ತಿದ್ದರು. ೧೯೬೭ರಲ್ಲಿ ಕೆಮ್ಮು ಹತ್ತಿತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಬೆಂಗಳೂರಿನ ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ನೂಲಿನ ದೂಳು ಒಳಗೆ ಕೂತಿದೆ, ರಾತ್ರಿಯಾದರೂ ಬಯಲಿನ ಗಾಳಿಯಲ್ಲಿ ಮಲಗಬೇಕು, ಕಣ್ಣುತುಂಬ ನಿದ್ದೆ ಆಗಬೇಕು, ಹೀಗೇ ಬಿಟ್ಟರೆ ಎರಡು ವರ್ಷ ಎಂದರು. ನೆಂಟರ ಮನೆಗೆ ಹೋಗಿ ಇರೋಣವೆಂದರೆ ನೆಂಟರೆಲ್ಲರ ಮನೆಯಲ್ಲೂ ಮಗ್ಗ.

ಹನುಮಂತರಾಯಪ್ಪ ಆಗ ತನ್ನ ಓದನ್ನು ಹೊರತೆಗೆದ. ಹಳೆಯ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಒಂದು ಚಿತ್ರವಿತ್ತು: ಅಮೆರಿಕದವನೊಬ್ಬ ಪಿಕಪ್ ಗಾಡಿಯ ಬೆನ್ನ ಮೇಲೆ ಪುಟ್ಟ ಮನೆ ಕಟ್ಟಿಕೊಂಡು, ರಸ್ತೆಯೇ ಇಲ್ಲದ ಬೆಟ್ಟದ ಬುಡದಲ್ಲಿ ಕಾಫಿ ಕುಡಿಯುತ್ತಿದ್ದಾನೆ.

"ಇಂಥದ್ದೊಂದು ಮಾಡಿಸ್ಕೊಳೋ. ದಿನಾ ಒಂದೊಂದು ಬೆಟ್ಟದ ಗಾಳಿ."

ಬಚ್ಚಪ್ಪ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿದ. "ಲೇ ಮೇಷ್ಟ್ರೆ, ಇವನ್ಗೆ ಕೆಮ್ಮಿದ್ದಂಗೆ ಕಾಣಲ್ವಲ್ಲೋ. ಆದ್ರೂ ನೀನ್ ಹೇಳ್ದ ಮೇಲೆ ಸರೀನೇ ಇರ್ತದೆ ಬಿಡು."

ಅಕ್ಕಯ್ಯಮ್ಮನೂ ಸೇರಿ ಮೂವರೂ ಹಳೆಯ ಗಾಡಿ ನೋಡಲು ಬೆಂಗಳೂರಿನ ಕಲಾಸಿಪಾಳ್ಯಕ್ಕೆ ಹೋದರು. ಮೊದಲು ಕಂಡದ್ದು ಮೂರು ಚಕ್ರದ ಟೆಂಪೊ. ಬಂಡಿ ಜಾಡಿನಲ್ಲಿ ಅದು ಮಗುಚಿಕೊಳ್ಳುತ್ತದೆಂದು ಬಚ್ಚಪ್ಪನೇ ಬಿಟ್ಟ. ಎರಡನೆಯದು ಹಳೆಯ ಆಂಬುಲೆನ್ಸ್. ಮಂಚ, ಫ್ಯಾನು, ಪರದೆ ಎಲ್ಲ ಇದ್ದವು. ಮೇಷ್ಟರು ಇದೇ ಆಗಬೇಕು ಎಂದು ಹಟ ಹಿಡಿದರು.

"ಅದ್ರಲ್ಲಿ ಮಲಗ್ದೋರು ಎದ್ದು ಮನೆಗ್ ಬಂದ್ರೋ ಇಲ್ವೋ, ಅದನ್ನ ಕೇಳಿದ್ರಾ ಮೇಷ್ಟ್ರೇ?" ಎಂದರು ಅಕ್ಕಯ್ಯಮ್ಮ. ಅಲ್ಲಿಗೆ ಆಂಬುಲೆನ್ಸ್ ಮುಗಿಯಿತು.

ಮೂರನೆಯದು ಮಿಲಿಟರಿಯವರು ತೆಗೆದುಹಾಕಿದ ಪಿಕಪ್; ನಾಲ್ಕು ಚಕ್ರವೂ ಎಳೆಯುವಂಥದ್ದು. ಹನುಮಂತರಾಯಪ್ಪ ಗಂಭೀರವಾಗಿ ಹೋಗಿ ಟೈರಿಗೆ ಒದ್ದ. ಒದ್ದರೆ ಏನು ತಿಳಿಯಬೇಕು ಎಂಬುದು ಅವನಿಗೆ ಗೊತ್ತಿರಲಿಲ್ಲ. ಪತ್ರಿಕೆಯ ಇನ್ನೊಂದು ಚಿತ್ರದಲ್ಲಿ ಯಾರೋ ಒದೆಯುತ್ತಿದ್ದರು. "ಚೆನ್ನಾಗಿದೆ" ಎಂದ. ಬಚ್ಚಪ್ಪ ಅವನ ಮಾತಿನ ಮೇಲೆ ಗಾಡಿ ಕೊಂಡ. ಹೆಬ್ಬಾಳ ದಾಟುವ ಮೊದಲೇ ಆ ಟೈರೇ ಪಂಚರಾಯಿತು.

ಗಾಡಿಯನ್ನು ಮನೆ ಮಾಡುವ ಕೆಲಸ ಬೈರಣ್ಣನದು. ಅವನು ಮಗ್ಗ ಕೂರಿಸುವ ಬಡಗಿ. ಮೇಷ್ಟರು ಅಳತೆಯ ನಕ್ಷೆ ಬರೆದುಕೊಟ್ಟರು, ಕೆಂಪು ನೀಲಿ ಪೆನ್ಸಿಲಿನಲ್ಲಿ. ಬೈರಣ್ಣ ಅದನ್ನು ಬಹಳ ಹೊತ್ತು ನೋಡಿ ಕೇಳಿದ:

"ಸಾಮಿ, ಹಿಂದಿನ್ ಚಕ್ರದ ಮೇಲೆ ತಗಡು ಉಬ್ಬಿಕೊಂಡದಲ್ಲಾ, ಅದನ್ನ ಎಲ್ಲಿ ಬರ್ದಿದ್ದೀರಾ?"

ಬರೆದಿರಲಿಲ್ಲ. ಅಗಲ ಒಂದೂವರೆ ಅಡಿ ಹೋಯಿತು. ಉದ್ದವನ್ನೂ ಗಿಡ್ಡನಾದ ಬಚ್ಚಪ್ಪನ ಅಳತೆಗೇ ಹಿಡಿದಿದ್ದರಿಂದ, ತನಗೆಂದು ಪಕ್ಕದಲ್ಲಿ ಹಾಕಿಸಿಕೊಂಡ ಹಲಗೆಯ ಮೇಲೆ ಮಲಗಿದಾಗಲೆಲ್ಲ ಮೇಷ್ಟರ ಪಾದಗಳು ಗಾಡಿಯ ಹೊರಗಿರುತ್ತಿದ್ದವು. ಬೈರಣ್ಣ ಮಾತ್ರ ಅಚ್ಚುಕಟ್ಟಾಗಿ ಕೆಲಸ ಮಾಡಿದ: ಹೊನ್ನೆ ಮರದ ಎರಡು ಮಂಚ, ಅಡಿಯಲ್ಲಿ ಪೆಟ್ಟಿಗೆ, ಪಂಪ್ ಸ್ಟವ್ ಇಡುವ ಗೂಡು, ನೀರಿನ ಡ್ರಮ್ಮು, ತಗಡಿನ ಗೋಡೆ, ಮೇಲೆ ಟಾರ್ಪಾಲಿನ್. ಕಾಯಿಲೆಯ ಮನುಷ್ಯನಿಗೆ ಚೂರೂ ಸದ್ದಾಗಬಾರದು ಎಂದು ಹನುಮಂತರಾಯಪ್ಪ ಒಂದು ವಾರ ಕೂತು ಪ್ರತಿ ಸಂದಿಗೂ ಮಗ್ಗದ ವೇಸ್ಟ್ ನೂಲು ತುರುಕಿದ. ಆ ಗಾಡಿಯಲ್ಲಿ ಅವನು ಸ್ವಂತ ಕೈಯಿಂದ ಮಾಡಿದ ಕೆಲಸ ಅದೊಂದೇ. ಕೆಟ್ಟದ್ದೂ ಅದೊಂದೇ.

ಮೊದಲ ಪ್ರಯಾಣ ತೂಬಗೆರೆಯ ಆಚೆ, ಬೆಟ್ಟದ ಬುಡಕ್ಕೆ. ತೂಬಗೆರೆ ಹನುಮಂತರಾಯಪ್ಪನ ಹುಟ್ಟೂರು. ಜಾಗ ಅವನೇ ಆರಿಸಿದ. ನಾಲ್ಕು ಚಕ್ರವನ್ನೂ ಎಂಜಿನ್ನಿಗೆ ಕೂಡಿಸುವ ಸನ್ನೆಗೋಲಿನ ಹತ್ತಿರ ಇಂಗ್ಲಿಷಿನಲ್ಲಿ ಬರೆದಿದ್ದರಿಂದ ಅದೂ ಅವನ ಉಸ್ತುವಾರಿ. ಒಳ್ಳೆಯ ಉಚ್ಚಾರಣೆಯಲ್ಲಿ ಓದಿ, ತಪ್ಪು ಕಡೆಗೆ ಎಳೆದ. ಹಳ್ಳದ ಮರಳಿನಲ್ಲಿ ಹೂತ ಗಾಡಿಯನ್ನು ಎರಡು ಜೊತೆ ಎತ್ತು ಎಳೆದವು. ಆದರೂ ಜಾಗಕ್ಕೆ ಮುಟ್ಟಿದರು. ಅಕ್ಕಯ್ಯಮ್ಮ ಸ್ಟವ್ ಹೊತ್ತಿಸಿ ಉಪ್ಪಿಟ್ಟು ಮಾಡಿದರು. ತಣ್ಣನೆಯ ಗಾಳಿ. ಹುಳದ ಸದ್ದೂ ಇಲ್ಲ. ಹನುಮಂತರಾಯಪ್ಪ ಹೆಮ್ಮೆಯಿಂದ ಪಾದ ಹೊರಗೆ ಚಾಚಿ ನಿದ್ದೆಹೋದ.

ಯಾರೋ ಭುಜ ಅಲುಗಿಸಿದರು. ಬಚ್ಚಪ್ಪ ಬೆವೆತು ಎದ್ದು ಕೂತಿದ್ದ.

"ಮೇಷ್ಟ್ರೆ, ಕರೆಂಟ್ ಹೋಯ್ತೇನೋ?"

"ಇಲ್ಲೆಲ್ಲೋ ಕರೆಂಟು? ಕಾಡು ಕಣೋ ಇದು."

"ಹೌದಲ್ವಾ" ಎಂದು ಮಲಗಿದ. ಗಳಿಗೆ ಬಿಟ್ಟು ಮತ್ತೆ ಎದ್ದ. ಮಗ್ಗದ ಮನೆಯಲ್ಲಿ ನಿಶ್ಶಬ್ದವೆಂದರೆ ಕರೆಂಟ್ ಹೋಗಿದೆ, ಕೆಲಸ ನಿಂತಿದೆ ಎಂದರ್ಥ. ಎಂಥ ನಿದ್ದೆಯಲ್ಲಿದ್ದರೂ ನೇಕಾರ ಎದ್ದುಬಿಡುತ್ತಾನೆ. ಅಕ್ಕಯ್ಯಮ್ಮನೂ ಕಣ್ಣುಬಿಟ್ಟೇ ಮಲಗಿದ್ದರು. ಹುಟ್ಟಿದಾಗಿನಿಂದ ಸದ್ದಿನಲ್ಲೇ ಮಲಗಿದವರಿಗೆ ಇಂಥ ಮೌನದಲ್ಲಿ ನಿದ್ದೆ ಬರುತ್ತದೆಯೇ ಎಂದು ಅಷ್ಟು ಓದಿಕೊಂಡವನಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಬೆಳಗಾಗುವ ಹೊತ್ತಿಗೆ ಬಚ್ಚಪ್ಪನ ಉಸಿರು ಸಲೀಸಾಗಿತ್ತು, ಕಣ್ಣು ಮಾತ್ರ ಕೆಂಡ.

"ಗಾಳಿ ಸಿಕ್ತು, ನಿದ್ದೆ ಹೋಯ್ತು" ಎಂದು ನಕ್ಕ. "ಡಾಕ್ಟ್ರು ಎರಡೂ ಬೇಕು ಅಂದಿದ್ರಲ್ಲೋ."

ಮುಂದಿನ ಎಂಟು ತಿಂಗಳು ಆ ಎರಡೂ ಒಟ್ಟಿಗೆ ಸಿಗುವ ಜಾಗ ಹುಡುಕುವುದೇ ಕೆಲಸವಾಯಿತು. ಎಂಜಿನ್ ಓಡಿಸುತ್ತಲೇ ಮಲಗಿದರು. ಹೊಗೆಗೆ ಕೆಮ್ಮು ಎರಡರಷ್ಟಾಯಿತು. ತುರುಕಿದ್ದ ನೂಲನ್ನೆಲ್ಲ ಮೇಷ್ಟರು ಕೂತು ಕಿತ್ತರು. ತಗಡು ಗಾಳಿಗೆ ಬಡಿದಾಡಿತು, ಆದರೆ ಆ ಸದ್ದಿಗೆ ಮಗ್ಗದ ಲಯವಿರಲಿಲ್ಲ. ಸೂಲಿಬೆಲೆಯಲ್ಲಿ ಹಿಟ್ಟಿನ ಗಿರಣಿಯ ಹಿಂದೆ ನಿಲ್ಲಿಸಿದರು. ಎಂಟು ಗಂಟೆಗೆ ಗಿರಣಿ ಮುಚ್ಚಿತು, ಗಂಡ ಹೆಂಡತಿ ಇಬ್ಬರೂ ಎದ್ದು ಕೂತರು. ರೈಲ್ವೆ ಗೇಟಿನ ಪಕ್ಕ ಇಡೀ ರಾತ್ರಿಗೆ ಬಂದದ್ದು ಎರಡು ರೈಲು.

ಕಡೆಗೆ ಜಾಗ ಕಂಡುಹಿಡಿದದ್ದು ಅಕ್ಕಯ್ಯಮ್ಮ. ಅವರದೇ ಬೀದಿಯ ಹಿಂದಿನ ದಿಣ್ಣೆಗೆ ಬಟ್ಟೆ ಒಣಹಾಕಲು ಹೋದವರು ಅಲ್ಲೇ ಬಂಡೆಗೊರಗಿ ಕೂತು ನಿದ್ದೆಹೋಗಿದ್ದರು. ಗಾಳಿ ಹೊಲಗಳ ಕಡೆಯಿಂದ ಬೀಸುತ್ತಿತ್ತು, ದೂಳು ಮೇಲಕ್ಕೆ ಹತ್ತುತ್ತಿರಲಿಲ್ಲ. ಇಡೀ ಬೀದಿಯ ಮಗ್ಗಗಳ ಸದ್ದು ಮಾತ್ರ ಹತ್ತುತ್ತಿತ್ತು. ಮನೆಯಿಂದ ಒಂದು ಫರ್ಲಾಂಗು.

ಹೀಗೆ, ಬೆಟ್ಟ ಹತ್ತಲೆಂದು ತಂದ ಗಾಡಿ ಆರು ವರ್ಷ ಮನೆಯ ಹಿಂದೆ ನಿಂತಿತು. ಭಾನುವಾರ ಹಗಲು ಕಲ್ಲುಮುಳ್ಳಿನ ಜಾಡಿನಲ್ಲಿ ಎಲ್ಲಿಗಾದರೂ ಹೋಗುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ವಾಪಸು. "ಅಮೆರಿಕದೋನು ಊರೂರು ಸುತ್ತಿ ಮಲಗ್ತಾನೆ, ನಾನು ಒಂದೇ ಬಂಡೆ ಪಕ್ಕ. ಇಬ್ರ ಗಾಡೀನೂ ಒಂದೇ ಕಣಪ್ಪಾ" ಎಂದು ಬಂದವರಿಗೆಲ್ಲ ಹೇಳಿ ನಗುತ್ತಿದ್ದ. ಡಾಕ್ಟರು ಕೊಟ್ಟ ಎರಡು ವರ್ಷ ಆರಾಯಿತು. ವಾರಕ್ಕೆ ಮೂರು ದಿನ ಹನುಮಂತರಾಯಪ್ಪನೂ ಅಲ್ಲೇ ಮಲಗುತ್ತಿದ್ದ, ಜೊತೆಗಿರಲಿ ಎಂದು. ಯಾರು ಯಾರಿಗೆ ಜೊತೆ ಎಂಬುದನ್ನು ಅವನು ಕೇಳಿಕೊಳ್ಳಲಿಲ್ಲ.

ಈ ದಸರಾ ಕಳೆದಮೇಲೆ ಬಚ್ಚಪ್ಪನ ಮೈ ಇಳಿದುಹೋಯಿತು. ಹಗಲೂ ಗಾಡಿಯಲ್ಲೇ ಇರುತ್ತಿದ್ದ. ಆ ಭಾನುವಾರ ಅಕ್ಕಯ್ಯಮ್ಮ ಗಂಜಿ ತರಲು ಮನೆಗೆ ಹೊರಟರು.

"ಮೇಷ್ಟ್ರೇ, ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಳಿ."

"ಹೂನಮ್ಮಾ, ನೀವು ಹೋಗ್ಬನ್ನಿ" ಎಂದ ಹನುಮಂತರಾಯಪ್ಪ. ಹಲಗೆಯ ಮೇಲೆ ಒರಗಿದ. ಕೆಳಗೆ ಮಗ್ಗಗಳು ಆಡುತ್ತಿದ್ದವು. ಯಾವಾಗ ಕಣ್ಣು ಹತ್ತಿತೋ ತಿಳಿಯಲಿಲ್ಲ.

ಸದ್ದು ನಿಂತಿತು. ಅವನು ಧಡಕ್ಕನೆ ಎದ್ದ.

"ಏನು? ಕರೆಂಟ್ ಹೋಯ್ತಾ?"

ಬಚ್ಚಪ್ಪ ಎಚ್ಚರವಾಗಿಯೇ ಇದ್ದ. ನಗುವಷ್ಟು ಉಸಿರಿರಲಿಲ್ಲ; ಕಣ್ಣಲ್ಲೇ ನಕ್ಕ.

"ತೂಬಗೆರೆಯೋನ್ಗೂ ಅಂಟಿಸ್ಬಿಟ್ನಲ್ಲೋ ಈ ರೋಗಾನ" ಎಂದ, ಬಿಟ್ಟು ಬಿಟ್ಟು. "ಮಲ್ಕೋ ಮೇಷ್ಟ್ರೆ. ಬರ್ತದೆ ಕರೆಂಟು."

"ನಾನು ನೋಡ್ಕೊಳಕ್ಕೆ ಬಂದಿರೋದು ಕಣೋ."

"ನೋಡ್ಕೊಂಡಿದ್ದು ಸಾಕು ಬಿಡು. ಮಲ್ಕೋ."

ಬಚ್ಚಪ್ಪ ಬಲಗೈ ಎತ್ತಿ, ಗಾಡಿಯ ತಗಡಿನ ಗೋಡೆಯ ಮೇಲೆ ಬೆರಳ ಗಿಣ್ಣಿನಿಂದ ಬಡಿಯತೊಡಗಿದ. ಟಕ್ ಟಕಾ, ಟಕ್ ಟಕಾ. ಮಗ್ಗದ ಲಾಳಿ ಆ ಕಡೆಯಿಂದ ಈ ಕಡೆಗೆ ಹೋಗುವಷ್ಟು ಹೊತ್ತು ಬಿಟ್ಟು ಮತ್ತೆ ಟಕ್ ಟಕಾ. ಹನುಮಂತರಾಯಪ್ಪನ ಪಾದಗಳು ಹೊರಗೆ ಬಿಸಿಲಿನಲ್ಲಿದ್ದವು. ಅವನಿಗೆ ಮತ್ತೆ ನಿದ್ದೆ ಬರುವವರೆಗೂ ಬಚ್ಚಪ್ಪ ಬಡಿಯುತ್ತಲೇ ಇದ್ದ.