ಪಾಕಕ್ಕೆ ಅಂಟಿಕೊಂಡ ಎರಡು ಪುಟ

ಬೆಳಗಿನ ಐದೂಕಾಲು. ವಿಜಯನಗರದ ಕಲ್ಯಾಣಮಂಟಪವೊಂದರ ಹಿಂದುಗಡೆ, ತಗಡಿನ ಚಪ್ಪರದಡಿ ಐದು ಮಂದಿ ಹೆಂಗಸರು ಬೂದುಗುಂಬಳ ಹೆಚ್ಚುತ್ತಿದ್ದಾರೆ. ಆರನೆಯವರು ಮಗುಚಿಟ್ಟ ಪಾತ್ರೆಯ ಮೇಲೆ ಕುಳಿತು, ಹಾಳೆಗಳ ಕಟ್ಟೊಂದನ್ನು ಹಿಡಿದು ಗಟ್ಟಿಯಾಗಿ ಓದುತ್ತಿದ್ದಾರೆ. ಓದು ಒಂದು ಕಡೆ ತಲುಪಿದಾಗ ಐದೂ ಈಳಿಗೆಮಣೆಗಳ ಸದ್ದು ನಿಲ್ಲುತ್ತದೆ. ಓದುವವರು ಅಂಚಿನಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿಕೊಂಡು ಮುಂದುವರಿಯುತ್ತಾರೆ.

ಇವರು ಶ್ರೀರಾಂಪುರದ ಸಂಘಮಿತ್ರ, ವಯಸ್ಸು ಮೂವತ್ತೊಂಬತ್ತು. ಅಪ್ಪ ಪುಟ್ಟಮಾದಯ್ಯ ತಿ. ನರಸೀಪುರದ ಕಡೆಯಿಂದ ಬಂದು ಮೈಸೂರಿನಲ್ಲಿ ಗಾರೆ ಕೆಲಸ ಮಾಡಿದವರು. ಮಗಳ ಓದು ಪಿಯುಸಿಗೆ ನಿಂತಿತು. ಅಡುಗೆ ಕಂಟ್ರಾಕ್ಟರರ ಬಳಿ ತರಕಾರಿ ಹೆಚ್ಚಲು ಸೇರಿ ಹನ್ನೊಂದು ವರ್ಷ. ಮದುವೆ ಸೀಸನ್ನಿನಲ್ಲಿ ಆರು ಮಂದಿ ಸೇರಿ ದಿನಕ್ಕೆ ಇನ್ನೂರು ಕೆ.ಜಿ. ಹೆಚ್ಚುತ್ತಾರೆ. ಇವರು ಓದುವಷ್ಟು ಹೊತ್ತು ಇವರ ಪಾಲನ್ನೂ ಉಳಿದ ಐವರೇ ಹೆಚ್ಚುತ್ತಾರೆ. ತಮ್ಮ ಕಾದಂಬರಿಗೆಂದು ಇವರು ಬರೆದದ್ದು ಸಾವಿರ ಪುಟ, ಮೂರು ವರ್ಷ ಹೊಡೆದುಹಾಕಿ ಉಳಿಸಿಕೊಂಡದ್ದು ಇನ್ನೂರ ಹದಿನಾಲ್ಕು.

ಹೊಡೆದುಹಾಕಿಸಿದವರು ಚಿಕ್ಕಮಾದಮ್ಮ. ತಂಡದ ಹಿರಿಯರು, ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಕೈ ನಿಂತರೆ ಆ ಭಾಗ ಇರಲಿ, ನಡುವೆ ಹರಟೆ ಶುರುವಾದರೆ ತೆಗೆ ಎಂಬುದು ಅವರು ಮಾಡಿದ ಕಾನೂನು. ಈರುಳ್ಳಿ ಹೆಚ್ಚುವ ದಿನ ದುಃಖದ ಅಧ್ಯಾಯ ಓದುವಂತಿಲ್ಲ, ಆ ಕಣ್ಣೀರನ್ನು ನಂಬುವ ಹಾಗಿಲ್ಲವಲ್ಲ! ಕಾದಂಬರಿಯ ನಾಯಕಿ ಗಂಡ ಸತ್ತ ದಿನ ಒಂದು ಪುಟ ಪೂರ್ತಿ ಮಾತಾಡಿದ್ದಳಂತೆ. ಚಿಕ್ಕಮಾದಮ್ಮ ಅರ್ಧಕ್ಕೇ ತಡೆದರು: "ಯಾರವ್ವ ಅಂಗೆ ಮಾತಾಡ್ತಾರೆ? ನಂಗೆ ಅವತ್ತು ಮೊದ್ಲು ಬಂದ ಯೋಚ್ನೆ, ಬಂದೋರ್ಗೆಲ್ಲ ಕಾಪಿಗೆ ಹಾಲು ಎಲ್ಲಿಂದ ತರ್ಲಿ ಅಂತ." ಆ ಪುಟ ನಾಲ್ಕು ಸಾಲಾಯಿತು. ಇವರ ಬಗ್ಗೆ ಬರೆಯಲೆಂದು ಬಂದ ನಾನು ಆ ನಾಲ್ಕು ಸಾಲು ಓದಿದ್ದೇನೆ. ಓದಿದ ಮೇಲೆ ಕೈಯಲ್ಲಿದ್ದ ಟೀ ಕುಡಿಯಲಾಗಲಿಲ್ಲ.

ಮೊದಲು ಇವರೂ ಎಲ್ಲರಂತೆ ದೊಡ್ಡವರನ್ನೇ ಹುಡುಕಿದರು. ಯಾದವಗಿರಿಯ ಹಿರಿಯ ಸಾಹಿತಿಯೊಬ್ಬರ ಮನೆಗೆ ಒಂಬತ್ತು ಸಲ ಹೋದರು. ಹೆಸರು ಬೇಡ ಅನ್ನುತ್ತಾರೆ ಸಂಘಮಿತ್ರ, ನನಗಂತೂ ಬರೆಯುವಾಸೆ ಇತ್ತು. ಹಸ್ತಪ್ರತಿ ಕೊಡುವ ಹಿಂದಿನ ದಿನ ಬೆಲ್ಲದ ಪಾಕ ಸಿಡಿದು ಹನ್ನೆರಡು, ಹದಿಮೂರನೇ ಪುಟಗಳು ಅಂಟಿಕೊಂಡಿದ್ದವು. ಬಿಡಿಸಿದರೆ ಹರಿದೀತೆಂದು ಹಾಗೆಯೇ ಕೊಟ್ಟರು. ಹನ್ನೊಂದು ತಿಂಗಳ ನಂತರ ಕಟ್ಟು ಹಿಂದಿರುಗಿತು, ಜೊತೆಗೊಂದು ಪತ್ರ: 'ಆಮೂಲಾಗ್ರವಾಗಿ ಓದಿದ್ದೇನೆ. ಭರವಸೆಯ ಬರಹ. ಭಾಷೆ ಇನ್ನಷ್ಟು ಪಕ್ವವಾಗಬೇಕು.'

"ಆ ಎರಡು ಪುಟ ಅಂಟ್ಕೊಂಡೇ ಇದ್ವು ಕಣ್ರೀ," ಅನ್ನುತ್ತಾರೆ ಸಂಘಮಿತ್ರ. "ಹನ್ನೊಂದನೇ ಪುಟದಲ್ಲಿ ಗಂಡ ಬೀಡಿ ಸೇದ್ತಾ ಕೂತಿದ್ದ. ಹದಿನಾಲ್ಕರಲ್ಲಿ ಅವನ ತಿಥಿ. ಓದಿದ್ರೆ, ಇವ್ನು ಎಂಗಮ್ಮ ಸತ್ತ ಅಂತ ಕೇಳ್ಬೇಕಿತ್ತಲ್ವಾ?" ಆವತ್ತು ಅತ್ತರಂತೆ. ಮಾರನೇ ದಿನ ಕಟ್ಟನ್ನು ಕೆಲಸಕ್ಕೆ ತಂದು ಚಿಕ್ಕಮಾದಮ್ಮನ ಮುಂದೆ ಓದತೊಡಗಿದರು.

ಈಗ ಪ್ರಕಾಶನವೊಂದು ಹೊಸ ಕಾದಂಬರಿಕಾರರಿಗೆ ಸ್ಪರ್ಧೆ ಇಟ್ಟಿದೆ. ಗೆದ್ದರೆ ಪುಸ್ತಕವಾಗುತ್ತದೆ, ಸೋತರೆ ಹಸ್ತಪ್ರತಿ ಮನೆಗೆ ವಾಪಸ್ಸು. ಅರ್ಜಿ ಕೊಡಲು ಇಂದೇ ಕೊನೆಯ ದಿನ. ಕೃತಿಯನ್ನು ಪೂರ್ತಿ ಬಲ್ಲ ಒಬ್ಬರ ಶಿಫಾರಸು ಬೇಕಂತೆ. ಸಾಹಿತಿಗಳ ಪತ್ರ ಹೇಗೂ ಇದೆಯಲ್ಲ, ಅದನ್ನೇ ಲಗತ್ತಿಸಿ, ಅವರ ಹೆಸರಿಗೆ ಬಾಗಿಲು ತೆರೆಯುತ್ತದೆ ಎಂದು ಬುದ್ಧಿವಂತನಂತೆ ಸಲಹೆ ಕೊಟ್ಟೆ.

ಸಂಘಮಿತ್ರ ನನ್ನನ್ನು ದುರುಗುಟ್ಟಿ ನೋಡಿದರು. "ಪೂರ್ತಿ ಬಲ್ಲೋರು ಅಂತ ಕೇಳವ್ರೆ. ಓದ್ದೇ ಇರೋರ ಹೆಸರು ಯಾಕೆ ಬರೀಲಿ? ಮೂರು ವರ್ಷ ನನ್ನ ಪಾಲಿನ ಕುಂಬಳ ಹೆಚ್ಚಿದೋರು ಇಲ್ಲೇ ಅವ್ರೆ."

ಅರ್ಜಿಯಲ್ಲಿ ಬರೆದರು: 'ಶಿಫಾರಸು ಮಾಡುವವರು: ಚಿಕ್ಕಮಾದಮ್ಮ. ವೃತ್ತಿ: ತರಕಾರಿ ಹೆಚ್ಚುವುದು.' ಚಿಕ್ಕಮಾದಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಹೆಬ್ಬೆಟ್ಟೊತ್ತಿದರು. "ಇದ್ನ ನೋಡಿ ಅವ್ರು ನಗಾಡ್ಬುಟ್ರೆ?" ಎಂದು ಒಂದು ಕ್ಷಣ ಅಳುಕಿದರು.

"ನಗ್ಲಿ ಬುಡಿ ಚಿಕ್ಕವ್ವ. ಬೇಡ ಅನ್ನೋದಾದ್ರೂ ಪೂರ್ತಿ ಓದಿ ಬೇಡ ಅನ್ಲಿ."

ಹಸ್ತಪ್ರತಿಯನ್ನು ಕವರಿಗೆ ಹಾಕುವ ಮೊದಲು ಸಂಘಮಿತ್ರ ಒಲೆಯ ಬಳಿಗೆ ಹೋದರು. ಒಬ್ಬಟ್ಟಿಗೆ ಕಾಯುತ್ತಿದ್ದ ಬೆಲ್ಲದ ಪಾಕದಲ್ಲಿ ಚಮಚದ ತುದಿ ಅದ್ದಿ, ನೂರ ಹನ್ನೆರಡು, ನೂರ ಹದಿಮೂರನೇ ಪುಟಗಳ ನಡುವೆ ಒಂದೇ ಒಂದು ತೊಟ್ಟು ಬಿಟ್ಟು, ಅಂಗೈಯಿಂದ ಗಟ್ಟಿಯಾಗಿ ಒತ್ತಿದರು.