ಖಾಲಾ ಜೊತೆ ನಡೆದ ಹಳ್ಳದ ದಂಡೆ

ಮೊನ್ನೆ ಮಗಳು ಬಜಾರದಿಂದ ಕಮಲಾಪುರದ ಕೆಂಪು ಬಾಳೆಹಣ್ಣು ತಂದು ಪಡಸಾಲೆಯಲ್ಲಿ ಇಟ್ಟಳು. ಆ ಹಣ್ಣಿಗೆ ಬೇರೆ ಬಾಳೆಗಿಲ್ಲದ ಒಂದು ಗಾಢವಾದ ವಾಸನೆ ಇದೆ. ಸಂಜೆಯ ಹೊತ್ತಿಗೆ ಅದು ಮನೆಯೆಲ್ಲ ತುಂಬಿಕೊಂಡಿತು. ಎಷ್ಟೋ ವರ್ಷಗಳಿಂದ ಮನಸ್ಸಿಗೆ ಬಾರದೇ ಇದ್ದ ಖಾಲಾ ನೆನಪಾದರು...

ಗಾಜಿಪುರದಲ್ಲಿ ನನ್ನ ಗಂಡನ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಅವರ ಯಜಮಾನರು ದರ್ಜಿ. ಮಕ್ಕಳಿರಲಿಲ್ಲ. ಓಣಿಯ ಮುಸಲ್ಮಾನರ ಮಕ್ಕಳು ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದವು. ಹೊಸದಾಗಿ ಬಂದ ನಾನೂ ಹಾಗೇ ಕರೆದೆ. ಆಗ ನಿಜಾಮರ ಕಾಲ. ಊರಿನ ಸರ್ಕಾರಿ ಬಾಗಿನಲ್ಲಿ, ಅಂದರೆ ಹೂದೋಟದಲ್ಲಿ, ವಾರಕ್ಕೊಂದು ದಿನ ಹೆಂಗಸರನ್ನು ಮಾತ್ರ ಬಿಡುತ್ತಿದ್ದರು. ಏನೇ ಕೆಲಸವಿದ್ದರೂ ಖಾಲಾ ಆ ದಿನ ತಪ್ಪಿಸುತ್ತಿರಲಿಲ್ಲ.

ನನ್ನ ಮೊದಲ ಕೂಸು, ಹೆಣ್ಣು, ಹಲ್ಲು ಬರುವ ಮುಂಚೆಯೇ ಜ್ವರದಲ್ಲಿ ಹೋಯಿತು. ಆಮೇಲೆ ನಾನು ಅಡಿಗೆಮನೆಯ ಮೂಲೆ ಬಿಟ್ಟು ಏಳಲಿಲ್ಲ. ಕೊಟ್ಟರೆ ಉಣ್ಣುತ್ತಿದ್ದೆ, ಕೇಳಿದರೆ ತಲೆಯಾಡಿಸುತ್ತಿದ್ದೆ, ಅಷ್ಟೇ. ಅತ್ತೆ ಕೆಟ್ಟವರಲ್ಲ, ಏನು ಮಾಡಬೇಕೆಂದು ಅವರಿಗೂ ತಿಳಿದಿರಲಿಲ್ಲ. ಒಂದು ಮಧ್ಯಾಹ್ನ ಖಾಲಾ ಬುರ್ಖಾ ತೊಟ್ಟೇ ನಮ್ಮ ಬಾಗಿಲಿಗೆ ಬಂದರು.

"ಅಕ್ಕಾವ್ರ, ಹುಡುಗೀನ ನನ್ನ ಜೋಡಿ ಬಾಗಿಗೆ ಕಳಸ್ರಿ. ದೀಪಾ ಹಚ್ಚೋದ್ರಾಗ ತಂದು ಬಿಡ್ತೀನಿ."

"ಮಂದಿ ಏನಂತಾರವ್ವಾ?" ಎಂದರು ಅತ್ತೆ.

"ಅನ್ನಲಿ ಬಿಡ್ರಿ. ಹುಡುಗಿ ಕುಂತಲ್ಲೇ ಕರಗಾಕತ್ತಾಳ, ನಿಮಗ ಕಾಣವಲ್ದೇನ್ರಿ?"

ಅತ್ತೆ ತಾವೇ ಬಾಚಣಿಗೆ ತಂದು ನನ್ನ ತಲೆ ಬಾಚಿದರು.

ಬಾಗಿನಲ್ಲಿ ಅಂಥದ್ದೇನೂ ಇರಲಿಲ್ಲ. ಬೇವಿನ ಸಾಲು, ಗರಸು ಹಾಕಿದ ಸಪಾಟಾದ ದಾರಿ, ಗುಲಾಬಿಯ ಪಾತಿಗಳು. ಒಳಗೆ ಹೋದೊಡನೆ ಖಾಲಾ ಮುಖದ ಪರದೆಯನ್ನು ಎತ್ತಿ ಹಿಂದಕ್ಕೆ ಹಾಕಿ, ಉದ್ದವಾಗಿ ಉಸಿರೆಳೆದುಕೊಂಡು ನಡೆಯತೊಡಗುತ್ತಿದ್ದರು. ಸತ್ತ ಕೂಸಿನ ಮಾತು ಒಮ್ಮೆಯೂ ಎತ್ತಲಿಲ್ಲ. ಯಾರದೋ ಶೇರ್ವಾನಿಯ ತೋಳು ಗಿಡ್ಡವಾಗಿ ಯಜಮಾನರು ಬೈಸಿಕೊಂಡದ್ದು, ಹಿತ್ತಲಿಗೆ ಬರುವ ಬೆಕ್ಕು, ಇಂಥವೇ ಮಾತು. ಕೆಲವು ವಾರ ಹೀಗೆ ಹೋದ ಮೇಲೆ ಒಂದು ಸಂಜೆ ನಾನು ಇದ್ದಕ್ಕಿದ್ದಂತೆ ದಾರಿಯ ಬದಿಯಲ್ಲೇ ಕುಸಿದು ಕೂತು ಅತ್ತುಬಿಟ್ಟೆ. ಕೂಸು ಹೋದಾಗಲೂ ಅಷ್ಟು ಅತ್ತಿರಲಿಲ್ಲ. ಖಾಲಾ ನನ್ನ ಪಕ್ಕ ಕೂತರು. ಅಳು ತಾನಾಗಿ ನಿಂತ ಮೇಲೆ, "ಏಳ್ ಬೇಟಿ, ಇನ್ನೊಂದು ಸುತ್ತು ಹಾಕೂಣು," ಎಂದರು. ಅಂದು ಮನೆಗೆ ಬಂದು ಅತ್ತೆಯನ್ನು ನಾನಾಗಿಯೇ ರೊಟ್ಟಿ ಕೇಳಿದೆ.

ಮತ್ತೆ ನಾನು ಬಸಿರಾದ ವರ್ಷ ಊರಿಗೆ ಪ್ಲೇಗು ಬಂತು. ಮನೆಗಳಲ್ಲಿ ಇಲಿ ಸತ್ತು ಬೀಳತೊಡಗಿದವು. ಜನ ಬೀಗ ಹಾಕಿಕೊಂಡು ಹೊಲಗಳಿಗೆ ಹೋಗಿ ಗುಡಿಸಲು ಹಾಕಿದರು. ನನ್ನ ತವರು ಕಮಲಾಪುರ. ಹಳ್ಳದ ದಂಡೆಯಲ್ಲಿ ಅಪ್ಪನ ಬಾಳೆತೋಟ. ನಾವು ಅಲ್ಲಿಗೆ ಹೊರಟೆವು. ಬಂಡಿ ಹೂಡಿ ಎಲ್ಲರೂ ಹತ್ತಿದ ಮೇಲೆ ಅತ್ತೆ ಕೆಳಗಿಳಿದರು. "ಆಕೀನ್ನ ಬಿಟ್ಟು ಹ್ಯಾಂಗ ಹೋಗೋದು?" ಎಂದು ತಾವೇ ಹೋಗಿ ಖಾಲಾ ಅವರನ್ನು ಕರೆತಂದರು. ದರ್ಜಿಯವರು ಬರಲಿಲ್ಲ. "ನಾವೆಲ್ಲಾ ಓಡಿಹೋದ್ರ ಸತ್ತವ್ರಿಗೆ ಹೊದಸೋ ಕಫನ್ ಬಟ್ಟಿ ಯಾರು ಕತ್ತರಿಸ್ತಾರ? ನೀವು ಆಕಿನ್ನ ನೋಡಕೋರಿ," ಎಂದು ಬಾಗಿಲಲ್ಲೇ ನಿಂತು ನಮ್ಮನ್ನು ಕಳಿಸಿದರು.

ಕಮಲಾಪುರದಲ್ಲಿ ನಾವಿಬ್ಬರೂ ಬೆಳಗಿನ ಹೊತ್ತು ನಡೆಯುತ್ತಿದ್ದೆವು. ದಾರಿ ತೋಟದ ಬೇಲಿಗುಂಟ ಹೋಗಿ, ಹೊಂಗೆಯ ನೆರಳಲ್ಲಿ ಹಳ್ಳಕ್ಕೆ ಕೂಡುತ್ತಿತ್ತು. ಏರು ಇಳಿವು ಇಲ್ಲದ ದಾರಿ, ಬಸುರಿಗೂ ಆಯಾಸವಾಗುತ್ತಿರಲಿಲ್ಲ. ಅಲ್ಲಿ ಖಾಲಾ ತಲೆಯ ಮೇಲೆ ಬರೀ ಸೆರಗು ಹೊದ್ದು ಬರುತ್ತಿದ್ದರು. ಕಲ್ಲಿನ ಮೇಲೆ ಕೂತು ನೀರಿನಲ್ಲಿ ಕಾಲು ಇಳಿಬಿಟ್ಟರೆ ಏಳುವ ಮಾತೇ ಇಲ್ಲ. "ನಾ ಹುಟ್ಟಿದ್ದು ಭೀಮಾ ದಂಡಿ ಮ್ಯಾಲ. ಲಗ್ನ ಆದಮ್ಯಾಲ ಹೊಳೀ ನೀರಾಗ ಕಾಲಿಟ್ಟಿದ್ದಿಲ್ಲ," ಎಂದು ಅಲ್ಲೇ ಒಂದು ದಿನ ಹೇಳಿದರು. ಊರಲ್ಲಿ ಸಾವು, ಇಲ್ಲಿ ನಾವು ಹೀಗೆ... ಆಗಾಗ ಇಬ್ಬರಿಗೂ ಅದು ಹೊಳೆದು, ಖಾಲಾ ನೀರಿನಿಂದ ಕಾಲು ಮೇಲೆತ್ತಿಕೊಳ್ಳುತ್ತಿದ್ದರು.

ಬಂಡಿಯವನೊಬ್ಬ ಸುದ್ದಿ ತಂದ. ದರ್ಜಿಯವರಿಗೆ ಜ್ವರ, ಕಂಕುಳಲ್ಲಿ ಗಡ್ಡೆ. ಖಾಲಾ ಏನೂ ಕೇಳದೆ ಗಂಟು ಕಟ್ಟಿದರು. ನಾನು ಅವರ ಕೈ ಹಿಡಿದುಕೊಂಡೆ.

"ಹೋಗಬ್ಯಾಡ್ರಿ ಖಾಲಾ. ಅಲ್ಲಿಗೆ ಹೋದವ್ರು ತಿರುಗಿ ಬರವಲ್ರು."

"ಅವ್ರಿಗಿ ನೀರ ಕೊಡೋರು ಯಾರಿದ್ದಾರ ಬೇಟಿ?" ಎಂದು ಮೆಲ್ಲಗೆ ಕೈ ಬಿಡಿಸಿಕೊಂಡರು. "ನೀ ದಿನಾ ಹಳ್ಳದ ತನಕ ನಡೀ. ನಾ ಇಲ್ಲಂತ ಮತ್ತ ಮೂಲ್ಯಾಗ ಕುಂದರಬ್ಯಾಡ."

ಬಂಡಿದಾರಿಯವರೆಗೆ ಜೊತೆಗೆ ಹೋದೆ. ಅವರು ಬುರ್ಖಾ ಸರಿಪಡಿಸಿಕೊಂಡು, ಪರದೆ ಇಳಿಸಿ, ಬಂಡಿ ಹತ್ತಿದರು.

ಅವರು ಹೇಳಿದಂತೆ ದಿನವೂ ನಡೆದೆ. ಹೆರಿಗೆಯೂ ಅಲ್ಲೇ ಆಯಿತು, ಹೆಣ್ಣು ಕೂಸು. ಅದನ್ನು ತೊಟ್ಟಿಲಿಗೆ ಹಾಕಿದ ಮೇಲೆ ಒಂದು ದಿನ ದರ್ಜಿಯವರು ಬಂದು ತೋಟದ ಬಾಗಿಲಲ್ಲಿ ನಿಂತರು. ಎಲುಬಿನ ಹಂದರವಾಗಿದ್ದರು. ಎಷ್ಟು ಕರೆದರೂ ಒಳಗೆ ಬರಲಿಲ್ಲ.

"ನಾ ಎದ್ದು ಕುಂತೆ, ಆಕಿ ಮಲಕೊಂಡ್ಳು," ಎಂದರು. "ಆಕಿ ಕಫನ್ನೂ ನಾನೇ ಕತ್ತರಿಸ್ದೆ, ಬೇಟಿ."

ಅತ್ತೆ ನೆಲಕ್ಕೆ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡರು. ನನಗೆ ಅಂದು ಅಳು ಬರಲಿಲ್ಲ. ಕೂಸನ್ನು ಎತ್ತಿಕೊಂಡು ಹಳ್ಳದವರೆಗೆ ಹೋಗಿ ಬಂದೆ.

ಈಗ ನಿಜಾಮರ ಆಡಳಿತವೂ ಇಲ್ಲ, ಅತ್ತೆಯೂ ಇಲ್ಲ. ಆ ವರ್ಷ ಹೂಳಿದವರ ಮೇಲೆ ಕಲ್ಲು ನೆಡಲಿಕ್ಕೂ ಊರಲ್ಲಿ ಜನ ಇರಲಿಲ್ಲ. ಖಾಲಾ ಎಲ್ಲಿದ್ದಾರೆಂದು ದರ್ಜಿಯವರನ್ನು ಒಮ್ಮೆ ಕೇಳಿದ್ದೆ. ಖಬರಸ್ಥಾನದ ಕಡೆ ಕೈ ತೋರಿಸಿ, ಅಲ್ಲೆಲ್ಲೋ ಎಂದರು. ದರ್ಜಿಯವರು ತೀರಿಕೊಂಡೂ ಬಹಳ ಕಾಲವಾಯಿತು. ಮೊನ್ನೆ ಇದನ್ನೆಲ್ಲ ಮಗಳಿಗೆ, ಕಮಲಾಪುರದಲ್ಲಿ ಹುಟ್ಟಿದ ಆ ಮಗಳಿಗೇ, ಹೇಳಿದೆ. "ಖಾಲಾ ನೋಡಾಕ ಹ್ಯಾಂಗಿದ್ರವ್ವಾ?" ಎಂದು ಕೇಳಿದಳು. ಎಷ್ಟೋ ಹೊತ್ತು ಯೋಚಿಸಿದೆ. ಯಾವಾಗಲೂ ನನ್ನ ಎಡಕ್ಕೆ ನಡೆಯುತ್ತಿದ್ದರು, ಚಪ್ಪಲಿಯನ್ನು ಸ್ವಲ್ಪ ಎಳೆದು ಹಾಕುತ್ತಿದ್ದರು... ಅಷ್ಟು ಹೇಳಿದೆ. ಮುಖ ಮಾತ್ರ ನೆನಪಿಗೆ ಬರಲಿಲ್ಲ.