ಕಂಬ ಉಬ್ಬಿರಲಿಲ್ಲ

ನಮ್ಮ ಕಡೆ ಈ ಸಂಗತಿಯನ್ನು ಎಲ್ಲರೂ ಒಂದೇ ತರಹ ಹೇಳುತ್ತಾರೆ: ನನ್ನ ಅಕ್ಕ ಅಪ್ಪಿಕೊಂಡ ಕೂಡಲೇ ಗುಡಿಯ ಕಂಬ ಉಬ್ಬಿತು, ಆಕೆಯ ಬೆರಳು ಕೂಡಲಿಲ್ಲ. ಉಬ್ಬಿದ್ದನ್ನು ಕಂಡವರು ಯಾರು ಎಂದು ಕೇಳಿದರೆ ಇನ್ನೊಬ್ಬರನ್ನು ತೋರಿಸುತ್ತಾರೆ. ಆ ಇನ್ನೊಬ್ಬರು ಆ ದಿನ ಮನೂರಿನ ಸಂತೆಯಲ್ಲಿದ್ದರು. ನಾನಾದರೋ ಕಂಬದ ಹಿಂದೆ ಒಂದು ಮೊಳ ದೂರದಲ್ಲಿ ನಿಂತಿದ್ದೆ. ಕಲ್ಲು ಉಬ್ಬಲಿಲ್ಲ. ಆದರೆ ಮೂರು ವರ್ಷ ನಾನು ಹೇಳಿಕೊಂಡು ಬಂದದ್ದೂ ಖರೆಯಲ್ಲ ಎಂದು ಈಗ ಅನ್ನಿಸುತ್ತಿದೆ.

ನಮ್ಮೂರು ಜಹೀರಾಬಾದಿನ ಕಡೆ. ಅಕ್ಕನನ್ನು ಕೊಟ್ಟದ್ದು ನಾರಾಯಣಖೇಡದ ಹತ್ತಿರದ ಮನೆಗೆ. ಅಲ್ಲಿ ಒಂದು ಮುಂಜಾನೆ ಅತ್ತೆಯ ಬೆಳ್ಳಿ ಕರಡಿಗೆ, ಇಷ್ಟಲಿಂಗ ಇಟ್ಟು ಕೊರಳಿಗೆ ಕಟ್ಟಿಕೊಳ್ಳುವಂಥದ್ದು, ಪೂಜೆಯ ಹೊತ್ತಿನಲ್ಲಿ ಗೋಡೆಯ ಗೂಡಿನಿಂದ ಕಾಣೆಯಾಯಿತು. ಲಿಂಗ ಅತ್ತೆಯ ಅಂಗೈಯಲ್ಲೇ ಇತ್ತು, ಕರಡಿಗೆ ಮಾತ್ರ ಇಲ್ಲ. ಆಗ ಒಳಗೆ ಬಂದು ಹೋದವಳು ಸೊಸೆಯೊಬ್ಬಳೇ ಎಂದು ಕಳವನ್ನು ಅಕ್ಕನ ಮೇಲೆ ಹೊರಿಸಿದರು. ಪೊಲೀಸ್ ಅಮೀನರ ತನಕ ಹೋದರೆ ಮನೆತನದ ಮಾನ ಹೋಗುತ್ತದೆಂದು, ಅಕ್ಕನನ್ನು ನಮ್ಮಲ್ಲಿಗೆ ಅಟ್ಟಿ ಒಂದು ಮಾತು ಹೇಳಿ ಕಳಿಸಿದರು: ಕಂಬ ಅಪ್ಪಿಕೊಳ್ಳಲಿ, ಬೆರಳು ಕೂಡಿದರೆ ಮನೆಗೆ ಕರೆದುಕೊಳ್ಳುತ್ತೇವೆ.

ಆ ಕಂಬ ಇರುವುದು ಕಂಗ್ಟಿಯ ಬಂಡಿದಾರಿಯಲ್ಲಿ ಸಿಗುವ ಕರಿಕಲ್ಲಿನ ಹಳೆಯ ಶಿವಗುಡಿಯಲ್ಲಿ. ಅದರ ಹೊರಗೋಡೆ ಸೀರೆಯ ನಿರಿಗೆಯಂತೆ ಮಡಚಿ ಮಡಚಿ ತಿರುಗುತ್ತದೆ. ಒಳಗೆ ನಡುಮಂಟಪಕ್ಕೆ ನಾಲ್ಕು ಕಂಬ. ಕುಂಬಾರ ತಿಗರಿಯ ಮೇಲೆ ಮಣ್ಣು ತಿರುಗಿಸಿದ ಹಾಗೆ ಕಲ್ಲನ್ನು ತಿರುಗಿಸಿ ಕಡೆದಿದ್ದಾರೆ. ಮುಖ ಕಾಣುವಷ್ಟು ನುಣುಪು. ಆಪಾದನೆ ಹೊತ್ತವರು ಮಿಂದು, ಒದ್ದೆ ಬಟ್ಟೆಯಲ್ಲೇ, ನೈರುತ್ಯದ ಕಂಬವನ್ನು ತಬ್ಬಬೇಕು. ಆಚೆ ಬದಿ ಬೆರಳಿಗೆ ಬೆರಳು ಮುಟ್ಟಿದರೆ ನಿರ್ದೋಷಿ.

ನಾನಾಗ ಕಲಬುರ್ಗಿಯಲ್ಲಿ ಓದುತ್ತಿದ್ದೆ. ಉರ್ದುವಿನ ಬಹಸ್‌ಗಳಲ್ಲಿ, ಆ ವಾದದ ಪಂದ್ಯಗಳಲ್ಲಿ, ಸೋತದ್ದು ಕಡಿಮೆ. ಎದುರಾಳಿಯನ್ನು ಅವನ ನೆಲದಲ್ಲೇ ಕೆಡವಬೇಕು ಎಂದು ಮಾಸ್ತರರು ಕಲಿಸಿದ್ದರು. ಹಾಗಾಗಿ ದೇವರು ದಿಂಡರ ವಿಚಾರಕ್ಕೇ ಹೋಗದೆ, ನಾಲ್ಕು ದಿನ ಮೊದಲು ಒಂದು ದಾರ ತೆಗೆದುಕೊಂಡು ಗುಡಿಗೆ ಹೋಗಿ ಕಂಬದ ಸುತ್ತಳತೆ ಹಿಡಿದು ಗಂಟು ಹಾಕಿದೆ. ತಬ್ಬಿಯೂ ನೋಡಿದೆ. ನನ್ನ ಬೆರಳು ಕೂಡಿ ಇನ್ನೂ ಉಳಿಯಿತು.

ಅಕ್ಕ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ನಾ ತಗೊಂಡಿಲ್ಲಂತ ಹೇಳೀನಿ. ಅಷ್ಟ ಸಾಕಾಗಲಿಲ್ಲೇನು?" ಎಂದಳು.

"ನನಗ ಸಾಕು ಅಕ್ಕಾ, ಅವರಿಗಿ ಸಾಲಲ್ಲ. ಅವರ ಕಂಬದಿಂದನೇ ಅವರ ಬಾಯಿ ಮುಚ್ಚಸೋಣು."

"ಕಂಬದ ಮಾತು ಸುಳ್ಳಂತಿ. ಮತ್ತ ನನಗ ಅಪ್ಕೋ ಅಂತಿ."

"ಅಳತಿ ಸುಳ್ಳಲ್ಲಲಾ. ದಾರ ಹಿಡದು ನೋಡೀನಿ."

"ಹಂಗಾರ ನನ್ನ ಮಾತಿಗಿಂತ ದಾರದ ಮಾತು ದೊಡ್ಡದಾತು ನಿನಗ."

ನಾನು ನಕ್ಕೆ. ಒಳ್ಳೆ ಜವಾಬು, ಬಹಸ್‌ನಲ್ಲಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು ಎಂದುಕೊಂಡೆನೇ ಹೊರತು ಅದಕ್ಕೆ ಉತ್ತರ ಕೊಡಬೇಕೆಂದು ಹೊಳೆಯಲಿಲ್ಲ. ಎರಡು ದಿನ ಬೆನ್ನು ಹತ್ತಿ ಒಪ್ಪಿಸಿದೆ.

ಕಂಬ ತಬ್ಬುವ ದಿನ ಮುಂಜಾನೆ ಗುಡಿಯ ಅಯ್ಯನವರ ಮುಂದೆ ಭಾಷಣವನ್ನೂ ಬಿಗಿದೆ: ಕಲ್ಲಿಗೆ ಸಿರಿವಂತ, ಬಡವ, ಅತ್ತೆ, ಸೊಸೆ ಎಲ್ಲ ಒಂದೇ, ಅದು ಯಾರ ಪಕ್ಷವನ್ನೂ ಹಿಡಿಯುವುದಿಲ್ಲ. ಅಯ್ಯನವರು ತಲೆದೂಗಿದರು. ಅತ್ತೆ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಅಕ್ಕನ ಗಂಡ ಬಾಗಿಲಲ್ಲಿ ನಿಂತು ಮಂಟಪದ ಛಾವಣಿಯ ಕಲ್ಲಿನ ಕಮಲ ನೋಡುತ್ತಿದ್ದ.

"ಕೂಡಿದರ ನಿಮ್ಮ ಮನಿಗಿ, ಇಲ್ಲಂದ್ರ ತಮ್ಮನ ಮನಿಗಿ. ಹೌದಲ್ರಿ?" ಎಂದು ಅಯ್ಯನವರು ಅವನನ್ನು ಕೇಳಿದರು.

"ಹೂಂ" ಎಂದ, ಕತ್ತು ಇಳಿಸದೆ.

ಅಕ್ಕ ಒಂದು ಗಳಿಗೆ ಅವನನ್ನೇ ನೋಡಿ ಕಂಬ ತಬ್ಬಿದಳು. ಎರಡು ಬದಿಯಿಂದ ಎರಡು ಕೈ ನನ್ನ ಕಡೆ ಬಂದವು. ಬಳೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಬೆರಳಿಗೂ ಬೆರಳಿಗೂ ನಡುವೆ ಎರಡು ಬೆರಳಿನ ಸಂದಿ ಇರುವಾಗ ಕೈ ನಿಂತುಬಿಟ್ಟವು.

"ಇನ್ನಷ್ಟು ಅಕ್ಕಾ!" ಎಂದು ಕೂಗಿದೆ. ಅಲುಗಲಿಲ್ಲ. ಪಕ್ಕದ ಕಂಬದ ನುಣುಪಿನಲ್ಲಿ ಆಕೆಯ ಮುಖ ಉದ್ದಕ್ಕೆ ಎಳೆದಂತೆ ಕಾಣಿಸಿತು. ಅಳುತ್ತಿದ್ದಾಳೆ ಎಂದುಕೊಂಡೆ.

ನನ್ನ ತಪ್ಪು ಅಲ್ಲೇ ಹೊಳೆಯಿತು. "ಅಯ್ಯಾರ, ಈ ಕಂಬ ಎಲ್ಲಾ ಕಡಿ ಒಂದೇ ದಪ್ಪ ಇಲ್ರಿ. ನಾ ಅಳದದ್ದು ನನ್ನ ಎದಿ ಮಟ್ಟಕ್ಕ, ಅಲ್ಲಿ ಸಣ್ಣಗದ. ಅಕ್ಕ ಗಿಡ್ಡ, ಅಕಿಗಿ ಕಂಬದ ಹೊಟ್ಟಿ ಬರ್ತದ. ನಿಲ್ಲಾಕ ಕಾಲ ಕೆಳಗ ಒಂದು ಕಟ್ಟಿಗಿ ಮಣಿ ಹಾಕ್ರಿ."

"ವಕೀಲಸಾಬ್, ಈಗಷ್ಟೇ ನೀವೇ ಅಂದ್ರಿ, ಕಲ್ಲಿಗಿ ಎಲ್ಲಾರೂ ಒಂದೇ ಅಂತ. ಗಿಡ್ಡರಿಗೊಂದು, ಉದ್ದರಿಗೊಂದು ಕಂಬ ಕಡಸಬೇಕೇನು?" ಎಂದರು ಅಯ್ಯನವರು.

ಮಂದಿ ನಕ್ಕರು. ಅತ್ತೆ ಕಟ್ಟೆಯಿಂದಲೇ, "ಮಣಿ ಹಾಕಿ ಖರೆ ಮಾಡ್ತಾನಂತ ನೋಡ್ರಿ" ಎಂದಳು. ನಾನೇ ಹೂಡಿದ ವಾದ, ನನ್ನ ದಲೀಲು, ನನ್ನ ಮೇಲೇ ಬಿದ್ದಿತ್ತು. ಅಕ್ಕನ ಗಂಡ ಆಗಲೇ ಬಂಡಿಯ ಕಡೆ ನಡೆದಿದ್ದ.

ಅಂದಿನಿಂದ ಅಕ್ಕ ನಮ್ಮಲ್ಲೇ ಇದ್ದಾಳೆ. ಕರಡಿಗೆ ಇನ್ನೂ ಸಿಕ್ಕಿಲ್ಲ. ತಪ್ಪು ನನ್ನದೇ, ನನ್ನ ಎತ್ತರಕ್ಕೆ ಅಳೆದೆ, ಆಕೆಯ ಎತ್ತರಕ್ಕಲ್ಲ ಎಂದು ಎಲ್ಲರೆದುರು ಹೇಳಿಕೊಂಡು ಬಂದೆ. ಸಣ್ಣ ತಪ್ಪನ್ನು ಒಪ್ಪಿಕೊಂಡರೆ ಕೇಳುವವರು ನಮ್ಮವರಾಗುತ್ತಾರೆ ಎಂಬುದೂ ಬಹಸ್‌ನ ಪಾಠವೇ.

ಈ ಬೇಸಿಗೆ ಅದೇ ದಾರ ಹಿಡಿದು ಮತ್ತೆ ಗುಡಿಗೆ ಹೋದೆ. ಈ ಸಲ ಮಂಡಿಯೂರಿ, ಅಕ್ಕನ ಎದೆಯ ಮಟ್ಟಕ್ಕೆ, ಕಂಬದ ಹೊಟ್ಟೆಯನ್ನೇ ಅಳೆದು ಎರಡನೆಯ ಗಂಟು ಹಾಕಿದೆ. ಮನೆಗೆ ಬಂದಾಗ ಅಕ್ಕ ಒದ್ದೆ ಸೀರೆ ಹರವುತ್ತಿದ್ದಳು. ಆಕೆಯ ಎರಡೂ ಕೈ ಅಗಲಕ್ಕೆ ಚಾಚಿಸಿ, ದಾರದ ಒಂದು ತುದಿಯನ್ನು ಒಂದು ಕೈಯ ಬೆರಳ ತುದಿಗೆ ಹಿಡಿಸಿ, ಇನ್ನೊಂದು ಕೈಯ ಬೆರಳ ತುದಿಯವರೆಗೆ ಎಳೆದೆ. ಎರಡನೆಯ ಗಂಟು ಅಲ್ಲಿಯವರೆಗೆ ಬರಲೇ ಇಲ್ಲ, ಮಣಿಕಟ್ಟಿನ ಹತ್ತಿರವೇ ನಿಂತಿತು. ಒದ್ದೆ ಬಟ್ಟೆ, ಹೆದರಿಕೆ, ಬಿಗಿದ ಉಸಿರು, ಏನೆಲ್ಲ ಕಳೆದರೂ ಆ ಬೆರಳುಗಳು ಒಂದರ ಮೇಲೊಂದು ಕೂರಬೇಕಿತ್ತು.

ಅಕ್ಕ ಗಂಟನ್ನು ನೋಡಿದಳು. ಏನಳೆದೆ ಎಂದು ಕೇಳಲಿಲ್ಲ. ದಾರವನ್ನು ಸುತ್ತಿ ನನ್ನ ಕೈಯಲ್ಲಿಟ್ಟು ಸೀರೆಯ ಇನ್ನೊಂದು ತುದಿ ಕೊಡವಿದಳು.

"ಅಕ್ಕಾ, ಅವತ್ತು ನಿನ್ನ ಬೆರಳು ಮುಟ್ಟತಿದ್ವು. ಮುಟ್ಟಲಾರದಂಗ ತಡದು ಹಿಡದದ್ದು ಆ ಮನಿ ಬ್ಯಾಡಂತನಾ, ಇಲ್ಲಾ ನಾನೂ ನಿನ್ನ ಮಾತು ನಂಬಲಿಲ್ಲಂತನಾ?"